ದೊಡ್ಡವರ ಪುಸ್ತಕದಲ್ಲಿ ಕರಡಿ ಯಾಕೆ?

ಏಪ್ರಿಲ್‌ನ ಒಂದು ಮಧ್ಯಾಹ್ನ. ಕೊಪ್ಪಳದ ಬಿಸಿಲು ಗೊತ್ತಲ್ಲ, ಅದರ ಮೇಲೆ ಕರೆಂಟ್ ಬೇರೆ ಹೋಗಿತ್ತು. ರಜೆಗೆ ಬಂದಿದ್ದ ಅಕ್ಕನ ಮಗಳು, ಒಂಬತ್ತು ವರ್ಷದವಳು, ಪಡಸಾಲೆಯ ತಣ್ಣನೆ ಕಲ್ಲುಹಾಸಿನ ಮೇಲೆ ಬೋರಲು ಮಲಗಿ ಏನೋ ಓದುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ನಾನು ಮಂಚದ ಮೇಲೆ ಬಿಟ್ಟಿದ್ದ ಕಾಮಿಕ್ಸ್ ಪುಸ್ತಕ. ಬಟ್ಟೆ ತೊಟ್ಟ ಕರಡಿ, ಚೊಕ್ಕವಾದ ಸಣ್ಣ ಊರು, ಮರಗಳು. ಇನ್ನೂ ಮೊದಲ ಪುಟಗಳಲ್ಲೇ ಇದ್ದಳು, ಸದ್ಯ. ಕೈಯಿಂದ ತಗೊಂಡೆ.

"ಮಾಮಾ, ಯಾಕ ಕಸಗೊಂಡಿ? ಕರಡಿ ಎಷ್ಟ್ ಚಂದ ಐತಿ."

"ಅದು ದೊಡ್ಡವರ ಪುಸ್ತಕ ಪುಟ್ಟಿ."

"ದೊಡ್ಡವರ ಪುಸ್ತಕ ಅಂದ್ರ ಅದರಾಗ ಕರಡಿ ಯಾಕ ಐತಿ?"

ಆ ಹೊತ್ತಿಗೆ ಒಂದು ಮಾವಿನಹಣ್ಣು ಹೆಚ್ಚಿಕೊಟ್ಟು ಮಾತು ತಪ್ಪಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುದ್ದಾದ ಪ್ರಾಣಿಗಳನ್ನು ಇಟ್ಟುಕೊಂಡು ನಿಜವಾಗಿ ಹೆದರಿಸುವ ಕಾಮಿಕ್ಸ್‌ಗಳನ್ನು ನಾನು ಕೆಲವು ವರ್ಷಗಳಿಂದ ಹುಡುಕಿ ಹುಡುಕಿ ಓದುತ್ತಿದ್ದೇನೆ. ಭೂತ, ರಕ್ತ, ಕತ್ತಲೆ ಇರುವ ಮಾಮೂಲಿ ಹಾರರ್‌ಗಿಂತ ಇವು ಜಾಸ್ತಿ ಹೊತ್ತು ಮನಸ್ಸಲ್ಲಿ ಉಳಿಯುತ್ತವೆ. ಯಾಕೆ ಅಂತ ಒಂದು ಸಲ ಸರಿಯಾಗಿ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಆ ಕರಡಿಯ ವಿಷಯ. ಪುಸ್ತಕದ ಹೆಸರು 'ಬಿನೀತ್ ದ ಟ್ರೀಸ್ ವೇರ್ ನೋಬಡಿ ಸೀಸ್'. ಪ್ಯಾಟ್ರಿಕ್ ಹೋರ್ವತ್ ಬರೆದು ಚಿತ್ರಿಸಿದ್ದು, 2023ರ ಕೊನೆಯಲ್ಲಿ ಶುರುವಾಗಿ ಆರು ಸಂಚಿಕೆಗಳಲ್ಲಿ ಬಂತು. ಕರಡಿಯ ಹೆಸರು ಸಮಂತಾ ಸ್ಟ್ರಾಂಗ್. ವುಡ್‌ಬ್ರೂಕ್ ಅನ್ನುವ ಸಣ್ಣ ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾಳೆ. ನಮ್ಮ ಗಂಗಾವತಿ ಬಜಾರಿನಲ್ಲಿ ಮೊಳೆ, ಬಣ್ಣ, ಹಗ್ಗ ಮಾರುವ ಅಂಗಡಿಗಳಿರುತ್ತವಲ್ಲ, ಹಾಗೆ ಅಂದುಕೊಳ್ಳಿ. ಊರಿನವರೆಲ್ಲ ಪ್ರಾಣಿಗಳೇ, ಎಲ್ಲರಿಗೂ ಎಲ್ಲರ ಪರಿಚಯ. ಈ ಸಮಂತಾ ಆಗಾಗ ದೂರದ ದೊಡ್ಡ ಪಟ್ಟಣಕ್ಕೆ ಹೋಗಿ ಗುರುತಿಲ್ಲದ ಯಾರನ್ನೋ ಕೊಲ್ಲುತ್ತಾಳೆ. ತನ್ನ ಊರಿನವರನ್ನು ಮಾತ್ರ ಮುಟ್ಟಬಾರದು ಅನ್ನುವುದು ಅವಳ ನಿಯಮ. ಒಂದು ದಿನ ಅದೇ ಊರಲ್ಲಿ ಬೇರೆ ಯಾರೋ ಕೊಲೆ ಮಾಡುತ್ತಾರೆ. ಊರೆಲ್ಲ ತಡಕಾಡಲು ಶುರುವಾದರೆ ತನ್ನ ಗುಟ್ಟೂ ಹೊರಗೆ ಬೀಳುತ್ತದೆ. ಹಾಗಾಗಿ ಆ ಇನ್ನೊಬ್ಬರನ್ನು ಅವಳೇ ಹುಡುಕಬೇಕು.

ಇದೇ ಕಥೆಯನ್ನು ಮನುಷ್ಯರನ್ನಿಟ್ಟು ಬರೆದಿದ್ದರೆ ಪೊಲೀಸ್ ಕಥೆಗಳ ಸಾಲಿನಲ್ಲಿ ಇನ್ನೊಂದು ಆಗುತ್ತಿತ್ತು. ಕೊಲೆಗಾರನ ಮುಖ ನೋಡಿದ ಕೂಡಲೇ ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ: ಇವನ ಕಣ್ಣು ಸರಿಯಿಲ್ಲ, ಇವನನ್ನು ನಂಬಬಾರದು. ಕರಡಿಯ ಮುಖದ ಮುಂದೆ ಆ ಲೆಕ್ಕ ನಡೆಯುವುದೇ ಇಲ್ಲ. ಅವಳ ಕೆಲಸ ಗೊತ್ತಾದ ಮೇಲೂ ಅವಳು ಅಂಗಡಿ ಬಾಗಿಲು ತೆಗೆಯುವಾಗ ನಮಗೆ ಅವಳು ಇಷ್ಟವಾಗುತ್ತಾಳೆ. ಅವಳು ಸಿಕ್ಕಿಬೀಳಬಾರದು ಅಂತ ನಾವೇ ಬಯಸುತ್ತೇವೆ. ಪುಸ್ತಕ ಮುಚ್ಚಿದ ಮೇಲೆ ಹೆದರಿಸಿದ್ದು ಅದೇ, ನನ್ನೊಳಗೆ ಹುಟ್ಟಿದ ಆ ಬಯಕೆ.

ಮುಖದ ಈ ಶಕ್ತಿಗೆ ಒಂದು ಹಳೆಯ ವಿವರಣೆ ಇದೆ. 1943ರಲ್ಲಿ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ಕೊನ್ರಾಡ್ ಲೊರೆನ್ಜ್ ಅನ್ನುವ ವಿಜ್ಞಾನಿ, ಮಗುವಿನ ಮುಖದ ಕೆಲವು ಗುರುತುಗಳು ದೊಡ್ಡವರಲ್ಲಿ ತಾನಾಗೇ ಅಕ್ಕರೆ ಹುಟ್ಟಿಸುತ್ತವೆ ಅಂತ ಬರೆದರು. ಮೈಗಿಂತ ದೊಡ್ಡ ತಲೆ, ಅಗಲ ಹಣೆ, ಮುಖದಲ್ಲಿ ಸ್ವಲ್ಪ ಕೆಳಗಿರುವ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಮೋಟು ಕೈಕಾಲು. ನಾಯಿಮರಿ, ಬೆಕ್ಕಿನಮರಿ ನೋಡಿದಾಗ ಎತ್ತಿಕೊಳ್ಳಬೇಕು ಅನ್ನಿಸುವುದು ಇದರಿಂದಲೇ. ಮಿಕ್ಕಿ ಮೌಸ್‌ನ ಹಳೆಯ ಮತ್ತು ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಸಣ್ಣ ತಲೆಯ ತುಂಟ ಇಲಿ. ವರ್ಷ ಕಳೆದಂತೆ ತಲೆ ದೊಡ್ಡದಾಯಿತು, ಕಣ್ಣು ದೊಡ್ಡದಾಯಿತು. ಸ್ಟೀಫನ್ ಜೇ ಗೂಲ್ಡ್ ಅನ್ನುವ ಜೀವವಿಜ್ಞಾನಿ 1979ರಲ್ಲಿ ಇದನ್ನು ಅಳತೆ ಹಾಕಿಯೇ ತೋರಿಸಿದ್ದರು. ನಮ್ಮ ಮನೆಯ ಕಪಾಟಿನಲ್ಲಿ ಕಿನ್ನಾಳದ ಮರದ ಗೊಂಬೆ, ಒಂದು ಆನೆ ಇದೆ, ಅದರ ಕಣ್ಣಿಗೂ ಇದೇ ಕಲೆ ಗೊತ್ತು.

ಹಾರರ್ ಬರೆಯುವವರು ಈ ಅಕ್ಕರೆಯನ್ನೇ ಹಿಡಿದುಕೊಳ್ಳುತ್ತಾರೆ. ಕಾಪಾಡಬೇಕು ಅಂತ ಮೈಯೇ ಹೇಳುತ್ತಿರುವ ಜೀವವನ್ನು ನಮ್ಮ ಕಣ್ಣೆದುರು ಅಪಾಯಕ್ಕೆ ತಳ್ಳುತ್ತಾರೆ. ನಾವು ಪುಸ್ತಕದ ಈ ಕಡೆ ಕೂತಿದ್ದೇವೆ, ಏನೂ ಮಾಡುವ ಹಾಗಿಲ್ಲ.

ಇನ್ನೊಂದು, ಗೆರೆಯ ವಿಷಯ. ಸ್ಕಾಟ್ ಮೆಕ್ಲೌಡ್ ಅನ್ನುವ ಕಾಮಿಕ್ಸ್ ಕಲಾವಿದರು 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಬರೆದರು. ಅವರು ಹೇಳುವುದು ಇಷ್ಟು: ಮುಖವನ್ನು ಎಷ್ಟು ಕಡಿಮೆ ಗೆರೆಯಲ್ಲಿ ಬರೆಯುತ್ತೀರೋ ಓದುವವರು ಅಷ್ಟು ಸುಲಭವಾಗಿ ಆ ಮುಖದೊಳಗೆ ಹೋಗಿ ಕೂರುತ್ತಾರೆ. ಎರಡು ಚುಕ್ಕೆ, ಒಂದು ಗೆರೆ ಇದ್ದರೆ ಅದು ಯಾರ ಮುಖವೂ ಆಗಬಹುದು, ನಿಮ್ಮದೂ ಆಗಬಹುದು. ಹಿಂದಿನ ಕಾಡು, ಮನೆ, ಮಳೆಯನ್ನು ಮಾತ್ರ ನಿಜದ ಹಾಗೆ ಬರೆದುಬಿಟ್ಟರೆ ಆ ಸರಳ ಮುಖ ಹಾಕಿಕೊಂಡು ನೀವೇ ಆ ನಿಜವಾದ ಕಾಡಿಗೆ ಇಳಿದಿರುತ್ತೀರಿ.

ಈಗ ಕಾಮಿಕ್ಸ್‌ಗೆ ಮಾತ್ರ ಬರುವ ಒಂದು ವಿದ್ಯೆ. ಸಿನಿಮಾದಲ್ಲಿ ಹೆದರಿಸಲು ಸದ್ದು ಇದೆ. ಢಮ್ ಅಂತ ಬಾರಿಸಿದರೆ ಯಾರಾದರೂ ಬೆಚ್ಚುತ್ತಾರೆ. ಕಾಗದದಲ್ಲಿ ಸದ್ದಿಲ್ಲ. ಇರುವುದು ಹಾಳೆ ಒಂದೇ. ಒಂದು ಉದಾಹರಣೆ ನಾನೇ ಕಟ್ಟುತ್ತೇನೆ, ನಮ್ಮ ಓಣಿಯದೇ.

ಬಲಗಡೆಯ ಪುಟ, ಐದು ಚಿತ್ರ. ಮೊದಲನೆಯದರಲ್ಲಿ ಕಂದು ಬಣ್ಣದ ನಾಯಿಮರಿ ಒಂದು ಪಾಳುಮನೆಯ ಬಾಗಿಲಲ್ಲಿ ನಿಂತಿದೆ, ಬಾಲ ಅಲ್ಲಾಡಿಸುತ್ತಿದೆ. ಎರಡನೆಯದರಲ್ಲಿ ಒಳಗೆ ಕತ್ತಲೆ, ನಡುವೆ ಒಂದು ಬಟ್ಟಲು ಹಾಲು. ಪಾಳುಮನೆಯಲ್ಲಿ ಹಾಲು ಯಾರಿಟ್ಟರು ಅಂತ ಮರಿಗೆ ಅನ್ನಿಸುವುದಿಲ್ಲ, ನಿಮಗೆ ಅನ್ನಿಸುತ್ತದೆ. ಮೂರನೆಯದರಲ್ಲಿ ಬಾಲದ ತುದಿ ಮಾತ್ರ ಹೊಸ್ತಿಲ ಹೊರಗೆ. ನಾಲ್ಕರಲ್ಲಿ ಮರಿ ಹಾಲು ಕುಡಿಯುತ್ತಿದೆ, ಮೂಗಿನ ಮೇಲೆ ಬಿಳಿ ನೊರೆ. ಐದು, ಪುಟದ ಕೊನೆಯ ಚಿತ್ರ: ಮರಿ ಕುಡಿಯುವುದು ನಿಲ್ಲಿಸಿದೆ. ಕಿವಿ ನೆಟ್ಟಗಾಗಿದೆ. ಕಣ್ಣು ನಮ್ಮ ಕಡೆ, ನಮ್ಮ ಹಿಂದೆ ಏನೋ ಇದ್ದ ಹಾಗೆ.

ಪುಟ ತಿರುವಿದರೆ ಇಡೀ ಪುಟಕ್ಕೆ ಒಂದೇ ಚಿತ್ರ. ಬಟ್ಟಲು. ಅರ್ಧ ಹಾಲು. ಹಾಲಿನ ಮೇಲೆ ಸಣ್ಣ ಅಲೆ.

ರಕ್ತ ಇಲ್ಲ, ಹಲ್ಲಿಲ್ಲ. ಆದರೂ ಐದನೇ ಚಿತ್ರಕ್ಕೂ ಆರನೆಯದಕ್ಕೂ ನಡುವೆ ಏನೋ ಆಯಿತು, ಮತ್ತೆ ಅದನ್ನು ಮನಸ್ಸಲ್ಲಿ ಬರೆದುಕೊಂಡವರು ನೀವೇ. ಚೌಕಗಳ ನಡುವಿನ ಆ ಬಿಳಿ ಸಂದಿಯನ್ನು ಕಾಮಿಕ್ಸ್‌ನವರು 'ಗಟರ್' ಅನ್ನುತ್ತಾರೆ. ಅಲ್ಲಿ ನಡೆಯುವುದೆಲ್ಲ ಓದುವವರ ಕೈಯಿಂದ ನಡೆಯುತ್ತದೆ. ಇನ್ನೊಂದು ಮಾತು, ಹಾಳೆ ತಿರುವಿದ್ದೂ ನೀವೇ. ತಿರುವದೇ ಬಿಟ್ಟಿದ್ದರೆ ಮರಿ ಇನ್ನೂ ಅಲ್ಲೇ, ಮೂಗಿನ ಮೇಲೆ ನೊರೆ ಇಟ್ಟುಕೊಂಡು ಇರುತ್ತಿತ್ತು. ಸಿನಿಮಾ ತಾನೇ ಓಡುತ್ತದೆ, ಕಾಮಿಕ್ಸ್ ನಿಮ್ಮ ಬೆರಳಿಗೆ ಕಾಯುತ್ತದೆ. ಅದಕ್ಕೇ ಒಳ್ಳೆಯ ಹಾರರ್ ಕಾಮಿಕ್ಸ್ ಬರೆಯುವವರು ಯಾವ ಚಿತ್ರ ಬಲಪುಟದ ಕೊನೆಗೆ ಬರಬೇಕು ಅಂತ ಮೊದಲೇ ಎಣಿಸಿ ಇಟ್ಟಿರುತ್ತಾರೆ. ಫೋನಿನಲ್ಲಿ ಓದಿದರೆ ಈ ಲೆಕ್ಕ ಕೆಲವು ಸಲ ತಪ್ಪುತ್ತದೆ. ಸಿಕ್ಕರೆ ಕಾಗದದಲ್ಲೇ ಓದಿ.

ಇಷ್ಟೇ ಆಗಿದ್ದರೆ ಇದು ಬರೀ ಉಪಾಯ. ಪ್ರಾಣಿಯನ್ನು ಮುಖವಾಡದ ಹಾಗೆ ಬಳಸುವುದು ಒಂದು, ಪ್ರಾಣಿಯ ಸ್ವಭಾವದಿಂದಲೇ ಭಯ ಹುಟ್ಟಿಸುವುದು ಇನ್ನೊಂದು. ಎರಡನೆಯದು ಮಾಡುವವರು ಕಡಿಮೆ, ನನಗೆ ಜಾಸ್ತಿ ಹಿಡಿಸುವುದೂ ಅದೇ.

'ಸ್ಟ್ರೇ ಡಾಗ್ಸ್' ನೋಡಿ. ಟೋನಿ ಫ್ಲೀಕ್ಸ್ ಬರೆದು ಟ್ರಿಶ್ ಫೋರ್ಸ್ಟ್‌ನರ್ ಚಿತ್ರಿಸಿ 2021ರಲ್ಲಿ ಬಂದದ್ದು. ಚಿತ್ರ ನೋಡಿದರೆ ಹಳೆಯ ಕಾರ್ಟೂನ್ ಸಿನಿಮಾದ ನಾಯಿಗಳೇ ಎದ್ದು ಬಂದ ಹಾಗಿದೆ. ಸೋಫಿ ಅನ್ನುವ ಪುಟ್ಟ ನಾಯಿ ಒಂದು ಹೊಸ ಮನೆಗೆ ಬರುತ್ತದೆ. ಅಲ್ಲಿ ಒಬ್ಬ ಯಜಮಾನ, ಬೇಕಾದಷ್ಟು ನಾಯಿಗಳು. ಊಟ ಇದೆ, ಆಟ ಇದೆ. ಆದರೆ ಸೋಫಿಗೆ ಏನೋ ಒಂದು ನೆನಪು ಚುಚ್ಚುತ್ತಿದೆ: ನನ್ನ ಅಮ್ಮಾವ್ರು ಎಲ್ಲಿ, ಅವರಿಗೆ ಏನೋ ಆಯಿತಲ್ಲ, ಈ ಮನುಷ್ಯನೇ ಅಲ್ವಾ ಮಾಡಿದ್ದು? ಉಳಿದ ನಾಯಿಗಳನ್ನು ಕೇಳಿದರೆ ತಾವು ಈ ಮನೆಗೆ ಹೇಗೆ ಬಂದೆವು ಅಂತ ಯಾರಿಗೂ ನೆನಪಿಲ್ಲ. ನಾಯಿ ಬೇಗ ಮರೆಯುತ್ತದೆ ಅನ್ನುವುದನ್ನು ನಾವು ಅದರ ಒಳ್ಳೆಯ ಗುಣ ಅಂತ ಹೇಳಿಕೊಳ್ಳುತ್ತೇವೆ, ಹೊಡೆದರೂ ಅರ್ಧ ಗಂಟೆಯಲ್ಲಿ ಬಾಲ ಅಲ್ಲಾಡಿಸಿಕೊಂಡು ಬರುತ್ತೆ ಅಂತ. ಇಲ್ಲಿ ಆ ಗುಣವೇ ಬೋನು. ಗೊತ್ತಾದ ಸತ್ಯ ಕೈಯಿಂದ ಜಾರಿ ಹೋಗುತ್ತಿದೆ, ಆ ಮನುಷ್ಯ ಬಂದು ತಲೆ ಸವರಿದರೆ ಹಾಯಾಗಿಯೂ ಇದೆ. ಇದನ್ನು ಓದಿದ ಮೇಲೆ ನಮ್ಮ ಮನೆಯ ಮುಂದೆ ಮಲಗುವ ಕೆಂಚನಿಗೆ ರೊಟ್ಟಿ ಹಾಕುವಾಗ ಒಂದು ಕ್ಷಣ ಕೈ ನಿಂತಿತ್ತು. ಅದು ನನ್ನನ್ನು ಅಷ್ಟು ಸುಲಭವಾಗಿ ನಂಬುವುದು ನೋಡಿ ಸಂಕಟವಾಯಿತು.

'ವೀ ತ್ರೀ' ಅಂತ ಇನ್ನೊಂದಿದೆ, 2004ರದು. ಗ್ರ್ಯಾಂಟ್ ಮಾರಿಸನ್ ಬರೆದು ಫ್ರ್ಯಾಂಕ್ ಕ್ವೈಟ್ಲಿ ಚಿತ್ರಿಸಿದ್ದು. ಒಂದು ನಾಯಿ, ಒಂದು ಬೆಕ್ಕು, ಒಂದು ಮೊಲ. ಮೂರನ್ನೂ ಉಕ್ಕಿನ ಕವಚದೊಳಗೆ ಕೂರಿಸಿ ಯುದ್ಧದ ಯಂತ್ರ ಮಾಡಿದ್ದಾರೆ. ಯಂತ್ರದ ಮೂಲಕ ಮುರುಕು ಮುರುಕು ಮಾತೂ ಬರುತ್ತದೆ. ಆ ನಾಯಿಗೆ ಬೇಕಾಗಿರುವುದು ತಾನು ಒಳ್ಳೆಯ ನಾಯಿ ಅನ್ನಿಸಿಕೊಳ್ಳುವುದು, ಅಷ್ಟೇ. ಮೂರೇ ಸಂಚಿಕೆ. ಮೂರರ ಮುಖಪುಟವೂ 'ನಮ್ಮ ನಾಯಿ ಕಳೆದಿದೆ, ಸಿಕ್ಕರೆ ತಿಳಿಸಿ' ಅಂತ ಗೋಡೆಗೆ ಅಂಟಿಸುವ ಚೀಟಿಯ ಹಾಗಿದೆ. ಅಂದರೆ ಈ ಯಂತ್ರಗಳು ಒಂದು ಕಾಲದಲ್ಲಿ ಯಾರದೋ ಮನೆಯಲ್ಲಿ ಮಲಗುತ್ತಿದ್ದವು. ಮುಖಪುಟದಲ್ಲೇ ಅರ್ಧ ಕಥೆ ಮುಗಿದಿರುತ್ತದೆ, ನಾನು ಮೊದಲ ಸಲ ಅದನ್ನು ಗಮನಿಸಿಯೇ ಇರಲಿಲ್ಲ.

ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು 'ಬೀಸ್ಟ್ಸ್ ಆಫ್ ಬರ್ಡನ್'. ಇವಾನ್ ಡಾರ್ಕಿನ್ ಅವರ ಬರಹ, ಜಿಲ್ ಥಾಂಪ್ಸನ್ ಅವರ ನೀರುಬಣ್ಣದ ಚಿತ್ರ. ಮೊದಲ ಕಥೆ 2003ರಲ್ಲಿ ಒಂದು ಸಂಕಲನದಲ್ಲಿ ಬಂತು. ಜ್ಯಾಕ್ ಅನ್ನುವ ನಾಯಿಯ ಗೂಡಿಗೆ ದೆವ್ವ ಹೊಕ್ಕಿದೆ, ರಾತ್ರಿ ಅದು ಒಳಗೆ ಮಲಗಲು ಒಪ್ಪುವುದಿಲ್ಲ. ಓಣಿಯ ನಾಯಿಗಳೆಲ್ಲ ಸೇರುತ್ತವೆ, ಜೊತೆಗೆ ಒಂದು ಬೆಕ್ಕು. ತಿಳಿವಳಿಕೆ ಇರುವ ಒಂದು ಹಿರಿಯ ನಾಯಿಯನ್ನು ಕರೆಸುತ್ತಾರೆ. ನಮ್ಮೂರಲ್ಲಿ ಮನೆಗೆ ಗಾಳಿ ಸೋಕಿದೆ ಅಂತ ದೊಡ್ಡವರೊಬ್ಬರನ್ನು ಕರೆಸುವುದಿಲ್ಲವೇ, ಅದೇ ರೀತಿ. ಊರಿನ ಮನುಷ್ಯರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ರಾತ್ರಿಯೆಲ್ಲ ಭೂತದ ಜೊತೆ ಹೋರಾಡಿ ಬಂದ ನಾಯಿಗೆ ಬೆಳಿಗ್ಗೆ ಯಜಮಾನನಿಂದ ಬೈಗುಳ. ಮಧ್ಯರಾತ್ರಿ ಓಣಿಯ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟಾಗ ನಮ್ಮಜ್ಜಿ ದೇವರ ಹೆಸರು ಹೇಳುತ್ತಿದ್ದಳು, ಅವಕ್ಕೆ ನಮಗೆ ಕಾಣದ್ದು ಕಾಣುತ್ತದೆ ಅಂತ. ಅಜ್ಜಿಯ ಆ ನಂಬಿಕೆಯನ್ನೇ ಎಳೆದು ಕಥೆ ಮಾಡಿದ ಹಾಗಿದೆ ಇದು.

ಇವೆಲ್ಲ ಅಮೆರಿಕದ ಕಡೆಯಿಂದ ಬಂದದ್ದು, ಅದಕ್ಕೊಂದು ಚರಿತ್ರೆ ಇದೆ. 1950ರ ಹೊತ್ತಿಗೆ ಅಲ್ಲಿ ಹಾರರ್ ಕಾಮಿಕ್ಸ್ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ಮಕ್ಕಳು ಕೆಡುತ್ತಾರೆ ಅಂತ ಗಲಾಟೆ ಎದ್ದು, ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯರ ಪುಸ್ತಕ ಬಂದು, 1954ರಲ್ಲಿ ಸೆನೆಟ್ ವಿಚಾರಣೆಯೂ ನಡೆದು, ಅದೇ ವರ್ಷ ಪ್ರಕಾಶಕರು ತಾವೇ 'ಕಾಮಿಕ್ಸ್ ಕೋಡ್' ಅನ್ನುವ ನಿಯಮ ಹಾಕಿಕೊಂಡರು. ಹೆಸರಿನಲ್ಲಿ 'ಹಾರರ್' ಅನ್ನುವ ಪದವೇ ಬರಬಾರದು. ಎದ್ದು ನಡೆಯುವ ಹೆಣ, ರಕ್ತ ಹೀರುವ ಭೂತ, ತೋಳಮನುಷ್ಯ, ಯಾವುದೂ ಇರಬಾರದು. ಆದರೆ ಮಾತಾಡುವ ಬಾತುಕೋಳಿ, ಮೊಲ, ಇಲಿಗಳ ಪುಸ್ತಕಗಳಿಗೆ ಏನೂ ಆಗಲಿಲ್ಲ. ಹಾಗಾಗಿ ಒಂದು ತಲೆಮಾರಿನ ಓದುಗರ ಮನಸ್ಸಿನಲ್ಲಿ ಕಾಮಿಕ್ಸ್ ಪ್ರಾಣಿ ಅಂದರೆ ಮಕ್ಕಳದ್ದು, ಅಪಾಯವಿಲ್ಲದ್ದು ಅಂತ ಗಟ್ಟಿಯಾಗಿ ಕೂತಿತು. ನಿಯಮ 1971ರಲ್ಲಿ ಸಡಿಲವಾಯಿತು, 2011ರ ಹೊತ್ತಿಗೆ ಪೂರ್ತಿ ಬಿದ್ದುಹೋಯಿತು. ಮನಸ್ಸಿನಲ್ಲಿ ಕೂತದ್ದು ಮಾತ್ರ ಹೋಗಲಿಲ್ಲ. ಈಗ ಬರೆಯುವವರಿಗೆ ಅದೇ ಬಂಡವಾಳ. ಆರ್ಟ್ ಸ್ಪೀಗಲ್‌ಮನ್ ಹಿಟ್ಲರ್ ಕಾಲದ ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ 'ಮೌಸ್' ಹಾರರ್ ಅಲ್ಲ, ತನ್ನ ತಂದೆ ಬದುಕಿ ಬಂದ ಕಥೆ. 1992ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಪ್ರಾಣಿಯ ಮುಖ ಎಷ್ಟು ಭಾರ ಹೊರಬಲ್ಲದು ಅಂತ ದೊಡ್ಡವರ ಓದಿಗೆ ತೋರಿಸಿಕೊಟ್ಟದ್ದು ಆ ಪುಸ್ತಕ.

ಆದರೆ ನನಗೆ ಅನ್ನಿಸುವುದು, ನಮ್ಮ ಕಡೆಯವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕರಡಿಯನ್ನೇ ತಗೊಳ್ಳಿ. ಹಂಪಿ ಹತ್ತಿರ ದರೋಜಿ ಕರಡಿಧಾಮ ಇದೆಯಲ್ಲ, ಸಂಜೆ ಹೊತ್ತಿಗೆ ಬಂಡೆಗಳ ನಡುವಿಂದ ಕರಡಿಗಳು ಇಳಿದು ಬರುತ್ತವೆ. ತಾಯಿಯ ಬೆನ್ನ ಮೇಲೆ ಮರಿಗಳು ಕೂದಲು ಹಿಡಿದುಕೊಂಡು ಕೂತಿರುತ್ತವೆ. ದೂರದ ಗೋಪುರದಿಂದ ನೋಡುವಾಗ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅದೇ ಕರಡಿ ಬೆಳಗಿನ ಜಾವ ಹೊಲಕ್ಕೆ ಹೋದವನ ಎದುರಿಗೆ ಬಂದರೆ? ಬಳ್ಳಾರಿ, ಕೊಪ್ಪಳದ ಗುಡ್ಡದ ಅಂಚಿನ ಊರುಗಳಲ್ಲಿ ಕರಡಿ ಮುಖಕ್ಕೇ ಕೈ ಹಾಕಿದ ಗುರುತು ಹೊತ್ತವರನ್ನು ನೋಡಿದವರಿಗೆ ಗೊತ್ತು. ಹಿಂದೆ ಕರಡಿ ಆಡಿಸುವವರು ಓಣಿಗೆ ಬಂದಾಗ ಮಕ್ಕಳಿಗೆ ಅಂಜಿಕೆ ಹೋಗಲಿ ಅಂತ ಅದರ ಕೂದಲು ತಗೊಂಡು ತಾಯಿತ ಮಾಡಿಸಿ ಕಟ್ಟುತ್ತಿದ್ದರು. ಅಂಜಿಕೆಗೆ ಔಷಧಿಯೂ ಕರಡಿಯೇ, ಅಂಜಿಕೆಯೂ ಕರಡಿಯೇ. ಸಮಂತಾಳನ್ನು ಓದುವಾಗ ನನಗೆ ಇದೆಲ್ಲ ನೆನಪಿಗೆ ಬರುತ್ತಿತ್ತು.

ಇನ್ನು ಪುಣ್ಯಕೋಟಿ. ಸತ್ಯದ ಪಾಠ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ, ಸರಿ. ಆದರೆ ನಾಲ್ಕೈದು ವರ್ಷದ ಮಗು ಅದನ್ನು ಕೇಳುವುದು ಹೇಗೆ ಅಂತ ಯೋಚಿಸಿ. ಅಮ್ಮ ಸಾಯಲು ಹೋಗುತ್ತಿದ್ದಾಳೆ, ಹೋಗುವ ಮೊದಲು ಹೇಳಿ ಹೋಗಲು ಬಂದಿದ್ದಾಳೆ, ಕೊನೆಯ ಸಲ ಹಾಲು ಕೊಡುತ್ತಿದ್ದಾಳೆ, ಕರುವನ್ನು ಅಕ್ಕತಂಗಿಯರ ಕೈಗೆ ಒಪ್ಪಿಸುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಭಯ ಮಗುವಿಗೆ ಯಾವುದಿದೆ? ನಮ್ಮ ಮನೆಯಲ್ಲಿ ಈ ಹಾಡು ಹೇಳಿದಾಗ ಹುಲಿಯ ಜಾಗದಲ್ಲಿ ಯಾರೂ ಅಳುತ್ತಿರಲಿಲ್ಲ, ಕರುವಿನ ಜಾಗದಲ್ಲಿ ಎಲ್ಲರೂ ಅಳುತ್ತಿದ್ದೆವು. ಹಸುವಿನ ಬದಲು ಒಬ್ಬ ಹೆಂಗಸನ್ನು ಇಟ್ಟಿದ್ದರೆ ಅಷ್ಟು ಸಣ್ಣ ಮಕ್ಕಳಿಗೆ ಅದನ್ನು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹಸು ಆದದ್ದಕ್ಕೇ ಹೇಳಲು ಆಗುತ್ತದೆ, ಹಸು ಆದದ್ದಕ್ಕೇ ತಡೆದುಕೊಳ್ಳಲೂ ಆಗುತ್ತದೆ. ಅಕ್ಕನ ಮಗಳ ಪ್ರಶ್ನೆಗೆ ನನಗೆ ಸಿಕ್ಕ ಹತ್ತಿರದ ಉತ್ತರ ಇದು.

ತೊಗಲುಗೊಂಬೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆಟ ನೋಡದ ಹುಡುಗರೂ ಆ ಹೆಸರು ಕೇಳಿದರು. ಹದ ಮಾಡಿ ತೆಳ್ಳಗೆ ಹೆರೆದ ತೊಗಲು, ಅದಕ್ಕೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿ ಪರದೆ. ಪರದೆಗೆ ಒತ್ತಿ ಹಿಡಿದ ಗೊಂಬೆ ಚೊಕ್ಕವಾಗಿ, ಬಣ್ಣ ಬಣ್ಣವಾಗಿ ಕಾಣುತ್ತದೆ. ಅದನ್ನೇ ಒಂದು ಮೊಳ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ಅದು ದೊಡ್ಡದಾಗಿ, ಮಸುಕಾಗಿ, ಇಡೀ ಪರದೆಯನ್ನು ತುಂಬುತ್ತದೆ. ಚಿಕ್ಕವನಿದ್ದಾಗ ನೋಡಿದ ವಾಲಿ ಸುಗ್ರೀವರ ಕಾಳಗ ಇನ್ನೂ ಕಣ್ಣಲ್ಲಿದೆ. ಕೋತಿಗಳು ಬಂದರೆ ಮಕ್ಕಳಿಗೆ ನಗು, ಜಿಗಿದರೆ ನಗು, ಬಾಲ ಸಿಕ್ಕಿಕೊಂಡರೆ ನಗು. ಆ ನಗುವಿನ ನಡುವೆ ಎಲ್ಲಿಂದಲೋ ಒಂದು ಬಾಣ. ಬಾರಿಸುತ್ತಿದ್ದವರು ಬಾರಿಸುವುದು ನಿಲ್ಲಿಸಿದರು. ವಾಲಿ ಬಿದ್ದ, ಕೋತಿಯ ಮುಖ ಮಾತ್ರ ಹಾಗೇ ಇತ್ತು, ನಗಿಸಿದ್ದ ಅದೇ ಮುಖ. ಅದೆಲ್ಲ ನಡೆದದ್ದು ಇಲ್ಲೇ ಆನೆಗೊಂದಿಯ ಕಡೆ ಅಂತ ಅಪ್ಪ ಬೇರೆ ಹೇಳಿಬಿಟ್ಟಿದ್ದ. ಆಮೇಲೆ ಅಂಜನಾದ್ರಿ ಮೆಟ್ಟಿಲಲ್ಲಿ ಕೋತಿ ಕಂಡರೆ ಕೈ ಬೀಸುವ ಮೊದಲು ಅದರ ಮುಖ ನೋಡುತ್ತಿದ್ದೆ.

ಇನ್ನು ಕೆಟ್ಟ ಪುಸ್ತಕಗಳೂ ಬೇಕಾದಷ್ಟು ಬರುತ್ತಿವೆ. ಮಕ್ಕಳ ಗೊಂಬೆಗೆ ರಕ್ತ ಬಳಿದು ಹಲ್ಲು ಅಂಟಿಸಿದರೆ ಮೊದಲ ಪುಟಕ್ಕೆ ಬೆಚ್ಚಬಹುದು, ಎರಡನೆಯದಕ್ಕೆ ಬೇಸರ. ಪ್ರಾಣಿಯ ಮೇಲೆ ಅಕ್ಕರೆ ಹುಟ್ಟಲು ಪುಟಗಳನ್ನೇ ಕೊಡದೆ ಸಾಯಿಸುವ ಕಥೆಗಳೂ ಹಾಗೇ. ನಾನು ಒಂದು ಸುಲಭ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಈ ನಾಯಿಯ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಕಥೆ ಹಾಗೇ ನಡೆಯುತ್ತದೆಯಾ? ನಡೆದರೆ ನಾಯಿ ಬರೀ ಅಲಂಕಾರ. 'ಸ್ಟ್ರೇ ಡಾಗ್ಸ್'ನಲ್ಲಿ ಮನುಷ್ಯನನ್ನು ಇಟ್ಟರೆ ಕಥೆ ಅಲ್ಲೇ ಕುಸಿಯುತ್ತದೆ. ಸಮಂತಾಳ ವಿಷಯದಲ್ಲಿ ಕಥೆ ನಡೆಯುತ್ತದೆ, ಆದರೆ ಓದುವ ನಾವು ಬೇರೆಯವರಾಗುತ್ತೇವೆ, ಹಾಗಾಗಿ ಅವಳಿಗೂ ಪಾಸ್ ಕೊಟ್ಟಿದ್ದೇನೆ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಮಾತು. ಮುಖಪುಟ ನೋಡಿ ಈ ಪುಸ್ತಕಗಳನ್ನು ಕೊಡಬೇಡಿ, ಮೊದಲು ನೀವು ಕೊನೆಯವರೆಗೆ ಓದಿ. ಮೇಲೆ ಹೇಳಿದ ಯಾವುದನ್ನೂ ನಾನು ಒಂಬತ್ತು ವರ್ಷದ ಮಗುವಿಗೆ ಕೊಡುವುದಿಲ್ಲ. ಹಾಗಂತ ಮಕ್ಕಳಿಗೆ ಭಯವೇ ಬೇಡ ಅಂತಲೂ ಅಲ್ಲ. ಅವರಿಗೆ ಎಷ್ಟು ಬೇಕೋ ಅಷ್ಟನ್ನು ಅವರೇ ಕೇಳಿ ತಗೊಳ್ಳುತ್ತಾರೆ, ಪಕ್ಕದಲ್ಲಿ ಕೂತು ಹೇಳುವವರು ಇರಬೇಕು.

ಆ ದಿನ ಸಂಜೆ ಕರೆಂಟ್ ಬಂದ ಮೇಲೆ ಅಕ್ಕನ ಮಗಳನ್ನು ಕೂರಿಸಿಕೊಂಡು ಆ ನಾಯಿಮರಿಯ ಐದು ಚಿತ್ರದ ಕಥೆ ಹೇಳಿದೆ. ಮರಿಯ ಕಿವಿ ನೆಟ್ಟಗಾಗುವವರೆಗೆ ಮಾತ್ರ, ಮುಂದಿನದು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ಸಿಲ್ ತಗೊಂಡು ಒಳಗೆ ಹೋದಳು. ಊಟದ ಹೊತ್ತಿಗೆ ನೋಟ್‌ಬುಕ್ಕಿನ ಒಂದು ಹಾಳೆ ತಂದು ಕೊಟ್ಟಳು. ಪಾಳುಮನೆ, ಬಟ್ಟಲು, ಮರಿ. ಮರಿಯ ತಲೆ ಮೈಗಿಂತ ದೊಡ್ಡದು. ಕೊನೆಯ ಚೌಕದಲ್ಲಿ ಅದರ ಎರಡೂ ಕಿವಿ ನೆಟ್ಟಗೆ ನಿಂತಿದ್ದವು.

"ಮುಂದ?" ಅಂದೆ.

"ಹಿಂದಿನ ಮಗ್ಗಲದಾಗ ಐತಿ. ನೀನ ತಿರುವು ಮಾಮಾ, ನಾ ತಿರುವಂಗಿಲ್ಲ."